ಗಾಳಿಗೆ ಹಾರಿದ ಮುಚ್ಚಳ ನಿಮ್ಮ ಲೆಕ್ಕ ಕೆಡಿಸಿದೆ

ನಮಸ್ಕಾರ. ನೀವು ಕಳಿಸಿದ ಮೂರು ಡಬ್ಬಿಗಳ ಕಥೆ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ, ಆದರೆ ಬಿಟ್ಟುಬಿಡಲೂ ಮನಸ್ಸಿಲ್ಲ. ಮಡಿಕೇರಿ ದಸರಾ, ದಶಮಂಟಪಗಳ ಮೆರವಣಿಗೆಯ ರಾತ್ರಿ, ಆ ನೂಕುನುಗ್ಗಲಿನ ನಡುವೆ ಒಂದು ಆಟದ ಅಂಗಡಿ, ಮೂರರಲ್ಲಿ ಒಂದು ಡಬ್ಬಿಯೊಳಗೆ ಮಾತ್ರ ಚಿನ್ನದ ನಾಣ್ಯ. ಕಾಫಿ ತೋಟದ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ, ಎಡಗಡೆಯದನ್ನು ಮುಟ್ಟುತ್ತಾನೆ. ನಡುವಿನದು ಖಾಲಿ ಅಂತ ಕಂಡ ಮೇಲೆ ಮನಸ್ಸು ಬದಲಾಯಿಸಿ ಬಲಗಡೆಯದಕ್ಕೆ ಹೋಗುತ್ತಾನೆ. ಇಷ್ಟೂ ಚೆನ್ನಾಗಿದೆ.

ಆದರೆ ನಡುವಿನ ಮುಚ್ಚಳವನ್ನು ನೀವು ಗಾಳಿಯಿಂದ ಹಾರಿಸಿದ್ದೀರಿ, ಆಮೇಲೆ ರೈಟರ್ ಬಾಯಲ್ಲಿ 'ಬದಲಾಯಿಸಿದರೆ ಮೂರರಲ್ಲಿ ಎರಡು ಸಲ ಗೆಲುವು' ಅನ್ನಿಸಿದ್ದೀರಿ. ಇದು ತಪ್ಪು. 300 ಸಲ ಆಡಿದರೆ ಸುಮಾರು 100 ಸಲ ನಾಣ್ಯ ಮೊದಲು ಮುಟ್ಟಿದ್ದರಲ್ಲೇ ಇರುತ್ತದೆ, 200 ಸಲ ಉಳಿದೆರಡರಲ್ಲಿ. ಅಂಗಡಿಯವನಿಗೆ ನಾಣ್ಯ ಎಲ್ಲಿದೆ ಅಂತ ಗೊತ್ತಿದ್ದು, ಪ್ರತಿ ಸಲವೂ ಖಾಲಿ ಡಬ್ಬಿಯನ್ನೇ ತೆರೆದು ತೋರಿಸಿದರೆ, ಆ 200 ಸಲವೂ ಬದಲಾಯಿಸಿದವನೇ ಗೆಲ್ಲುತ್ತಾನೆ. ಗಾಳಿಗೆ ಅದೆಲ್ಲಾ ಗೊತ್ತಿಲ್ಲ ಅಲ್ವಾ? ಆ 200ರಲ್ಲಿ 100 ಸಲ ಅದು ನಾಣ್ಯವಿದ್ದ ಡಬ್ಬಿಯನ್ನೇ ತೆರೆದುಬಿಡುತ್ತದೆ, ಆಟ ಅಲ್ಲಿಗೇ ಮುಗಿಯುತ್ತದೆ. ಉಳಿದ ಆಟಗಳಲ್ಲಿ ನಾಣ್ಯ ಮೊದಲು ಮುಟ್ಟಿದ್ದರಲ್ಲಿ 100 ಸಲ, ಇನ್ನೊಂದರಲ್ಲಿ 100 ಸಲ. ಬದಲಾಯಿಸಿದರೂ ಒಂದೇ, ಬಿಟ್ಟರೂ ಒಂದೇ. ಕಣ್ಣಿಗೆ ಕಂಡದ್ದು ಅದೇ ಖಾಲಿ ಡಬ್ಬಿ, ಆದರೆ ತೆರೆದವರು ಯಾರು ಅನ್ನುವುದರ ಮೇಲೆ ಉತ್ತರವೇ ಬದಲಾಗುತ್ತದೆ. ಈ ಒಗಟಿನ ಜೀವ ಇರುವುದೇ ಇಲ್ಲಿ, ನೀವು ಅದನ್ನೇ ಗಾಳಿಗೆ ಬಿಟ್ಟಿದ್ದೀರಿ. ಅಂಗಡಿಯವನ ಕೈಗೆ ಕೊಡಿ, ಅವನು ಪ್ರತಿಯೊಬ್ಬರಿಗೂ ಹೀಗೇ ತೋರಿಸುತ್ತಾನೆ ಅನ್ನುವುದನ್ನು ರೈಟರ್ ಮೊದಲೇ ನಿಂತು ನೋಡಿರಲಿ.

ಕಥೆಯಲ್ಲಿ ಮಾವ ಕೊಡುವ ಒಂದೂವರೆ ಪುಟದ ಸೂತ್ರದ ಭಾಷಣ ಪೂರ್ತಿ ತೆಗೆಯಿರಿ. ದಿನಾ ಚೆಕ್‌ರೋಲ್ (ಕೂಲಿಯಾಳುಗಳ ಹಾಜರಿ ಪಟ್ಟಿ) ಬರೆಯುವ ರೈಟರ್ ಗೀಟು ಎಳೆದು ಎಣಿಸಲಿ, ಸಾಕು.

ಕೊನೆಯ ಟಿಪ್ಪಣಿಯೂ ಸರಿಯಿಲ್ಲ. ಈ ಒಗಟು ಅಮೆರಿಕದ ಅಂಕಣಕಾರ್ತಿ ಮರ್ಲಿನ್ ವೊಸ್ ಸವಾಂತ್ ಕಟ್ಟಿದ್ದಲ್ಲ. ಸಂಖ್ಯಾಶಾಸ್ತ್ರಜ್ಞ ಸ್ಟೀವ್ ಸೆಲ್ವಿನ್ 1975ರಲ್ಲೇ ಬರೆದಿದ್ದರು. ಮರ್ಲಿನ್ 1990ರಲ್ಲಿ ತಮ್ಮ ಅಂಕಣದಲ್ಲಿ ಸರಿ ಉತ್ತರ ಕೊಟ್ಟಾಗ ಸುಮಾರು 10,000 ಪತ್ರ ಬಂದವು, ಜಾಸ್ತಿ ಜನ ಅವರದೇ ತಪ್ಪು ಅಂದರು. ಪಾಲ್ ಎರ್ಡಿಶ್‌ರಂಥ ಗಣಿತಜ್ಞರೇ ಕಂಪ್ಯೂಟರಿನಲ್ಲಿ ಆಡಿಸಿ ತೋರಿಸುವವರೆಗೆ ಒಪ್ಪಲಿಲ್ಲ. ಹಾಗಿರುವಾಗ ನಿಮ್ಮ ಕಥೆಯಲ್ಲಿ ಎಲ್ಲರೂ ಸುಮ್ನೆ ತಲೆಯಾಡಿಸುವುದು ನಂಬುವ ಹಾಗಿಲ್ಲ. ಯಾರಾದರೂ ಜಗಳಕ್ಕೆ ನಿಲ್ಲಲಿ.

ಇನ್ನೊಂದು. ರೈಟರ್ ಗೆಲ್ಲುವುದು ನನಗೆ ಹಿಡಿಸಲಿಲ್ಲ. ಬದಲಾಯಿಸಿದವನೂ ಮೂರರಲ್ಲಿ ಒಂದು ಸಲ ಸೋಲುತ್ತಾನೆ, ಇವನು ಸೋಲಲಿ. 'ಮೊದಲಿನದನ್ನೇ ಇಟ್ಟುಕೊಂಡಿದ್ದರೆ ಆಗುತ್ತಿರಲಿಲ್ಲವಾ' ಅಂತ ಹೆಂಡತಿ ಕೇಳಿದಾಗ, ತನ್ನ ನಿರ್ಧಾರ ಸರಿಯೇ ಇತ್ತು ಅಂತ ಗೊತ್ತಿರುವ ಈ ಮನುಷ್ಯ ಏನು ಹೇಳುತ್ತಾನೆ ಅನ್ನುವುದನ್ನು ಓದಲು ನಾನು ಕಾಯುತ್ತೇನೆ. ತಿದ್ದಿ ಕಳಿಸಿ.