ಓದುಗರ ಪ್ರಶ್ನೆ: ಅಪೊಕ್ಯಾಲಿಪ್ಟಿಕಾ ಮತ್ತೆ ಮೆಟಾಲಿಕಾ ನುಡಿಸಿದಾಗ

ಪಿಟೀಲಿನ ಮಂದ್ರದ ಅಣ್ಣನಾದ ಚೆಲ್ಲೊವನ್ನು ನುಡಿಸುವ ಫಿನ್ಲೆಂಡಿನ ತಂಡ ಅಪೊಕ್ಯಾಲಿಪ್ಟಿಕಾ, ಅಮೆರಿಕದ ಅಬ್ಬರದ ಹೆವಿ ಮೆಟಲ್ ರಾಕ್ ತಂಡ ಮೆಟಾಲಿಕಾದ ಹಾಡುಗಳನ್ನು ನುಡಿಸಿ 2024ರ ಜೂನ್ 7ರಂದು ಹೊರತಂದ ‘ಪ್ಲೇಸ್ ಮೆಟಾಲಿಕಾ, ವಾಲ್ಯೂಮ್ 2’ ಆಲ್ಬಂ ಕುರಿತು ಈ ಅಂಕಣದಲ್ಲಿ ಬರೆದಿದ್ದ ಸಣ್ಣ ಟಿಪ್ಪಣಿಗೆ ನಿರೀಕ್ಷೆಗಿಂತ ಹೆಚ್ಚು ಪತ್ರಗಳು ಬಂದಿವೆ. ಮೆಚ್ಚಿದವರೂ ಜಗಳ ತೆಗೆದವರೂ ಹೆಚ್ಚುಕಡಿಮೆ ಸಮಸಮವಾಗಿದ್ದಾರೆ. ಆಯ್ದ ಕೆಲವು ಪತ್ರಗಳನ್ನು ಸಂಕ್ಷೇಪಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿದಾಗ ಆ ಜನಜಂಗುಳಿಯಲ್ಲಿ ನಾನೂ ನಿಂತಿದ್ದೆ. ಅದಕ್ಕೂ ಬಹಳ ಮೊದಲೇ ಅಪೊಕ್ಯಾಲಿಪ್ಟಿಕಾದ ಮೊದಲ ಆಲ್ಬಂ ಅನ್ನು ಗೆಳೆಯನೊಬ್ಬನಿಂದ ಕ್ಯಾಸೆಟ್ಟಿಗೆ ಇಳಿಸಿಕೊಂಡು ಕೇಳಿದ್ದೆ. ಇಪ್ಪತ್ತೆಂಟು ವರ್ಷಗಳ ನಂತರ ಅದೇ ತಂಡ ಅದೇ ಮನೆಯ ಬಾಗಿಲು ತಟ್ಟಿದೆಯೆಂದರೆ ಸ್ವಂತ ಸರಕು ಮುಗಿಯಿತು ಎಂದಲ್ಲವೇ? (ಬೆಂಗಳೂರು)

ಉತ್ತರ: ವಿದ್ವಾಂಸರೊಬ್ಬರು ಇಪ್ಪತ್ತರ ಹರೆಯದಲ್ಲಿ ಹಾಡಿದ ಕೀರ್ತನೆಯನ್ನು ಐವತ್ತರಲ್ಲಿ ಮತ್ತೆ ಎತ್ತಿಕೊಂಡರೆ ನಾವು ಸರಕು ಮುಗಿಯಿತೆನ್ನುವುದಿಲ್ಲ, ಈ ಬಾರಿ ಹೇಗೆ ಹಾಡುತ್ತಾರೋ ನೋಡೋಣವೆಂದು ಮುಂದಿನ ಸಾಲಿನಲ್ಲಿ ಹೋಗಿ ಕೂರುತ್ತೇವೆ. ಆ ಉದಾರತೆಯನ್ನು ಇವರಿಗೂ ತೋರಬಹುದು. 1993ರಲ್ಲಿ ಹೆಲ್ಸಿಂಕಿಯ ಸಿಬೆಲಿಯಸ್ ಅಕಾಡೆಮಿಯಲ್ಲಿ ಶಾಸ್ತ್ರೀಯ ಚೆಲ್ಲೊ ಕಲಿಯುತ್ತಿದ್ದ ಹುಡುಗರು ತಮ್ಮ ಇಷ್ಟದ ಮೆಟಾಲಿಕಾ ಹಾಡುಗಳನ್ನು ನುಡಿಸಿಕೊಳ್ಳಲು ಕಟ್ಟಿಕೊಂಡ ತಂಡ ಇದು. ನಾಲ್ಕು ಚೆಲ್ಲೊಗಳಲ್ಲಿ ಎಂಟು ಹಾಡುಗಳನ್ನು ನುಡಿಸಿದ ಅವರ ಮೊದಲ ಆಲ್ಬಂ 1996ರಲ್ಲಿ ಬಂತು. 1998ರ ‘ಇನ್‌ಕ್ವಿಸಿಷನ್ ಸಿಂಫನಿ’ಯಲ್ಲಿ ಸ್ವಂತ ರಚನೆಗಳು ಇಣುಕಿದವು, 2000ದ ‘ಕಲ್ಟ್’ನಲ್ಲಿ ಅವೇ ಮುಖ್ಯವಾದವು, 2007ರ ‘ವರ್ಲ್ಡ್ಸ್ ಕೊಲೈಡ್’ ಹೊತ್ತಿಗೆ ಅತಿಥಿ ಗಾಯಕರ ಸಾಲೇ ನಿಂತಿತ್ತು, 2020ರ ‘ಸೆಲ್-0’ದಲ್ಲಿ ಗಾಯಕರನ್ನೆಲ್ಲ ಬಿಟ್ಟು ಮತ್ತೆ ಬರಿಯ ವಾದ್ಯಸಂಗೀತಕ್ಕೆ ಬಂದರು. ಇಷ್ಟೆಲ್ಲ ಸುತ್ತಿ ಬಂದವರು ಹಳೆಯ ಊರಿಗೆ ಮರಳಿದರೂ ಹಳೆಯ ಮನೆಯಲ್ಲೇ ಇಳಿದುಕೊಂಡಿಲ್ಲ.

ಹಾಡುಗಳ ಆಯ್ಕೆಯಲ್ಲೇ ಅದು ಕಾಣುತ್ತದೆ. ಮೊದಲ ಆಲ್ಬಂನ ಎಂಟೂ ಹಾಡುಗಳು ಮೂಲದಲ್ಲಿ ಗಾಯಕನಿದ್ದ ಹಾಡುಗಳು. ಈ ಸಲದ ಒಂಬತ್ತರಲ್ಲಿ ‘ದಿ ಕಾಲ್ ಆಫ್ ಕ್ಟುಲು’ ಮತ್ತು ‘ಟು ಲಿವ್ ಈಸ್ ಟು ಡೈ’ ಎಂಬೆರಡು ಮೂಲದಲ್ಲೂ ಹಾಡಿಕೆಯಿಲ್ಲದ ರಚನೆಗಳು. ಅಭಿಮಾನಿಗಳೇ ಮೂಗು ಮುರಿದಿದ್ದ 2003ರ ‘ಸೇಂಟ್ ಆಂಗರ್’ ಕೂಡ ಪಟ್ಟಿಯಲ್ಲಿದೆ. ಮೂಲದಲ್ಲಿ ಸ್ನೇರ್ ಡ್ರಮ್ ಖಾಲಿ ಡಬ್ಬಿ ಬಡಿದಂತೆ ಠಣಠಣ ಎನ್ನುವುದು ಅನೇಕರ ತಲೆ ಕೆಡಿಸಿತ್ತು. ಆ ಠಣಠಣವನ್ನು ತೆಗೆದು ಕೇಳಿದರೆ ಅದರೊಳಗೆ ಇಷ್ಟು ಗಟ್ಟಿಯಾದ ರಾಗವಿತ್ತೇ ಎಂದು ನನಗೆ ಆಶ್ಚರ್ಯವಾಯಿತು. ‘ಹೋಲಿಯರ್ ದ್ಯಾನ್ ದೌ’ ಬಗ್ಗೆ ಅಂಥ ಮಾತು ಹೇಳಲಾರೆ. ಅದು ಗಿಟಾರಿನಲ್ಲೇ ಚೆನ್ನ.

ಪ್ರಶ್ನೆ: ನಾನು ಹಿಂದೂಸ್ತಾನಿ ಪದ್ಧತಿಯಲ್ಲಿ ಪಿಟೀಲು ಕಲಿಯುತ್ತಿದ್ದೇನೆ. ಕಮಾನಿನಿಂದ ನುಡಿಸುವ ವಾದ್ಯದಲ್ಲಿ ವಿದ್ಯುತ್ ಗಿಟಾರಿನ ಆ ಒರಟು, ಕತ್ತರಿಸಿದಂಥ ನಾದ ಹೇಗೆ ಬರುತ್ತದೆ? ಎಲ್ಲವೂ ಯಂತ್ರದ ಕೈಚಳಕವೇ? (ಧಾರವಾಡ)

ಉತ್ತರ: ಯಂತ್ರದ ಪಾಲು ಇದೆ, ಆದರೆ ಅದು ಎರಡನೆಯದು. ಮೊದಲ ಆಲ್ಬಂನಲ್ಲಿ ನಾದವನ್ನು ಒಡೆದು ಒರಟಾಗಿಸುವ, ಕಾಲಲ್ಲಿ ಒತ್ತುವ ವಿದ್ಯುತ್ ಪೆಡಲುಗಳ ನೆರವಿಲ್ಲದೆಯೇ ಅವರು ಈ ಕೆಲಸ ಸಾಧಿಸಿದ್ದರು. ನಿಮ್ಮ ಕೈಯಲ್ಲಿ ಪಿಟೀಲು ಇರುವುದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಹೆವಿ ಮೆಟಲ್ ಗಿಟಾರಿನ ಬೆನ್ನೆಲುಬು ‘ಪವರ್ ಕಾರ್ಡ್’. ಹೆಸರು ದೊಡ್ಡದು, ವಸ್ತು ನಮಗೆ ಹಳೆಯ ಪರಿಚಯದ್ದು: ಷಡ್ಜ ಮತ್ತು ಪಂಚಮ, ಅಷ್ಟೇ. ಗಾಂಧಾರವಿಲ್ಲದಿರುವುದರಿಂದ ಅದು ನಗುವುದೂ ಇಲ್ಲ, ಅಳುವುದೂ ಇಲ್ಲ, ಕಲ್ಲಿನಂತೆ ನಿಲ್ಲುತ್ತದೆ. ಗಿಟಾರಿನ ತಂತಿಗಳ ನಡುವಿನ ಅಂತರ ಹೆಚ್ಚಾಗಿ ಶುದ್ಧ ಮಧ್ಯಮದ್ದು, ಹಾಗಾಗಿ ಅಲ್ಲಿ ಈ ಜೋಡಿಯನ್ನು ಹಿಡಿಯಲು ಎರಡು ಬೆರಳು ಬೇಕು. ಚೆಲ್ಲೊದ ನಾಲ್ಕು ತಂತಿಗಳೋ ಪಂಚಮದ ಅಂತರದಲ್ಲೇ ಶ್ರುತಿಗೊಂಡಿವೆ. ಒಂದೇ ಬೆರಳನ್ನು ಅಡ್ಡಲಾಗಿ ಎರಡು ತಂತಿಗಳ ಮೇಲೆ ಒತ್ತಿ, ಕಮಾನನ್ನು ಎರಡಕ್ಕೂ ತಾಗಿಸಿ ಎಳೆದರೆ ಪವರ್ ಕಾರ್ಡ್ ಸಿದ್ಧ. ಈ ಸಂಗೀತ ತನಗಾಗಿಯೇ ಹುಟ್ಟಿತೇನೋ ಎಂಬಂತೆ ವಾದ್ಯ ಅದಕ್ಕೆ ಒಗ್ಗಿಕೊಳ್ಳುತ್ತದೆ. ಮೇಲಾಗಿ ಸಾಮಾನ್ಯ ಶ್ರುತಿಯ ಗಿಟಾರಿನ ಅತಿ ಕೆಳಗಿನ ತಂತಿ ಸುಮಾರು 82 ಹರ್ಟ್ಸ್‌ನಲ್ಲಿ ಮಿಡಿದರೆ, ಚೆಲ್ಲೊದ ಕೆಳತಂತಿ ಸುಮಾರು 65 ಹರ್ಟ್ಸ್‌ಗೆ ಇಳಿಯುತ್ತದೆ. ಎದೆಗೂಡಿನಲ್ಲಿ ಆ ನಡುಕ ಹುಟ್ಟುವುದು ಅಲ್ಲಿಂದ.

ಇನ್ನು ನೀವು ಹೇಳಿದ ‘ಕತ್ತರಿಸಿದಂಥ’ ನಾದ. ಗಿಟಾರಿನವರು ಬಲ ಅಂಗೈಯ ಅಂಚನ್ನು, ತಂತಿಗಳನ್ನು ಹೊತ್ತ ಕುದುರೆಯ (ಬ್ರಿಜ್) ಪಕ್ಕದಲ್ಲಿ ತಂತಿಗೆ ಒರಗಿಸಿ ಮೀಟುತ್ತಾರೆ. ನಾದ ಹುಟ್ಟಿದ ಕೂಡಲೇ ಸಾಯುತ್ತದೆ. ಚೆಲ್ಲೊದವರು ಅದನ್ನು ಕಮಾನಿನ ಬುಡದಲ್ಲಿ, ಹಿಡಿಯ ಹತ್ತಿರದ ಒಂದೆರಡು ಅಂಗುಲದಲ್ಲಿ ಮಾಡುತ್ತಾರೆ. ಕೈಯ ಪೂರ್ತಿ ಭಾರವನ್ನು ಅಲ್ಲಿ ಹೊರಿಸಿ, ಕೂದಲನ್ನು ತಂತಿಯಿಂದ ಎತ್ತದೆ, ಚೋಟುದ್ದ ಎಳೆದು ಗಕ್ಕನೆ ನಿಲ್ಲಿಸುತ್ತಾರೆ. ನಿಂತ ಕಮಾನೇ ತಂತಿಯ ಬಾಯಿ ಮುಚ್ಚುತ್ತದೆ. ನಿಮ್ಮ ಪಿಟೀಲಿನ ಕೆಳತಂತಿಯ ಮೇಲೆ ಇದನ್ನು ಪ್ರಯತ್ನಿಸಿ ನೋಡಬಹುದು. ಗುರುಗಳು ಎದುರಿಗಿಲ್ಲದ ಹೊತ್ತಿನಲ್ಲಿ ಪ್ರಯತ್ನಿಸುವುದು ಒಳಿತು. ವೇದಿಕೆಯ ಮೇಲೆ ಇದೇ ನಾದವನ್ನು, ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್‌ ಮೂಲಕ ಹಿಡಿದು, ಪೆಡಲಿನಲ್ಲಿ ಒಡೆದು, ಆಂಪ್ಲಿಫೈಯರಿಗೆ ಕಳಿಸುತ್ತಾರೆ. ಆದರೆ ಕಮಾನು ಸರಿಯಾಗಿ ಕಚ್ಚದಿದ್ದರೆ ಪೆಡಲು ಆ ತಪ್ಪನ್ನೂ ಅಷ್ಟೇ ದೊಡ್ಡದಾಗಿ ಕೇಳಿಸುತ್ತದೆ.

ಪ್ರಶ್ನೆ: ‘ಒನ್’ ಹಾಡಿನಲ್ಲಿ ಸ್ವತಃ ಮೆಟಾಲಿಕಾದ ಗಾಯಕ ಜೇಮ್ಸ್ ಹೆಟ್‌ಫೀಲ್ಡ್ ಬಂದು ಸಾಲುಗಳನ್ನು ಮಾತಿನಂತೆ ನುಡಿಯುತ್ತಾರೆ, ಅದೇ ತಂಡದ ರಾಬರ್ಟ್ ಟ್ರುಹಿಯೊ ಬೇಸ್ (ಮಂದ್ರದ ಗಿಟಾರ್) ನುಡಿಸಿದ್ದಾರೆ. ಕೇಳಿ ನನಗೆ ಮೈ ಜುಮ್ಮೆಂದಿತು. ನನ್ನ ಗೆಳೆಯರಿಬ್ಬರು ಮಾತ್ರ ಇಡೀ ಆಲ್ಬಂ ಕೆಟ್ಟಿದ್ದೇ ಅಲ್ಲಿ ಎನ್ನುತ್ತಾರೆ. ನಿಮ್ಮ ಪಕ್ಷ ಯಾವುದು? (ಶಿವಮೊಗ್ಗ)

ಉತ್ತರ: ನಾನು ನಿಮ್ಮ ಗೆಳೆಯರ ಪಕ್ಷ, ಆದರೆ ಅವರಷ್ಟು ಕಟುವಾಗಿ ಅಲ್ಲ. ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನಿನಲ್ಲಿ ದಾಸರ ಪದ ನುಡಿಸುವುದನ್ನು ಕೇಳಿದವರಿಗೆ ಒಂದು ಅನುಭವ ಆಗಿಯೇ ಇರುತ್ತದೆ: ವಾದ್ಯಕ್ಕೆ ಅಕ್ಷರ ಉಚ್ಚರಿಸಲು ಬಾರದು, ಆದರೂ ಸಭೆಯಲ್ಲಿ ಕೂತವರ ತುಟಿಗಳು ಪಲ್ಲವಿಯನ್ನು ಮೆಲ್ಲನೆ ಆಡುತ್ತಿರುತ್ತವೆ. ಸಾಹಿತ್ಯವನ್ನು ಒದಗಿಸುವುದು ಕೇಳುಗ. ಅಪೊಕ್ಯಾಲಿಪ್ಟಿಕಾದ ಮೊದಲ ಆಲ್ಬಂ ಗೆದ್ದದ್ದು ಇದೇ ಗುಟ್ಟಿನ ಬಲದಿಂದ. ಮೆಟಾಲಿಕಾ ಹಾಡುಗಳನ್ನು ಬಾಯಿಪಾಠ ಮಾಡಿಕೊಂಡಿದ್ದವರಿಗೆ ಚೆಲ್ಲೊ ಗಾಯಕನ ಸಾಲನ್ನು ಎತ್ತಿಕೊಂಡ ಕೂಡಲೇ ಒಳಗಿನಿಂದ ಮಾತುಗಳು ಎದ್ದು ಬರುತ್ತಿದ್ದವು, ಮತ್ತು ಹಾಗೆ ಎದ್ದ ಮಾತು ಅವರವರ ಧ್ವನಿಯಲ್ಲೇ ಇರುತ್ತಿತ್ತು.

‘ಒನ್’ ಯುದ್ಧದಲ್ಲಿ ಕೈಕಾಲು, ಕಣ್ಣು, ಕಿವಿ, ಮಾತು ಎಲ್ಲವನ್ನೂ ಕಳೆದುಕೊಂಡು ಹಾಸಿಗೆಯಲ್ಲಿ ಬಿದ್ದಿರುವ ಸೈನಿಕನೊಬ್ಬನ ಹಾಡು. ಬಾಯಿ ಇಲ್ಲದವನ ಹಾಡನ್ನು ಬಾಯಿ ಇಲ್ಲದ ವಾದ್ಯ ನುಡಿಸುವುದಕ್ಕಿಂತ ಹೊಂದಿಕೆ ಬೇರೇನಿದೆ? ಇದೇ ತಂಡ 1998ರಲ್ಲಿ ಈ ಹಾಡನ್ನು ನುಡಿಸಿತ್ತು. ಆಗ ತಂಡದಲ್ಲಿ ಡ್ರಮ್ಮರ್ ಕೂಡ ಇರಲಿಲ್ಲ. ಮೂಲದಲ್ಲಿ ಕಾಲಿನ ಡ್ರಮ್ಮುಗಳು ಮೆಷಿನ್‌ಗನ್ನಿನಂತೆ ಸಿಡಿಯುವ ಭಾಗವನ್ನು ಅವರು ಕಮಾನುಗಳಲ್ಲೇ ಕಡಿದು ತೋರಿಸಿದ್ದರು. ಹೊಸ ಆವೃತ್ತಿಯಲ್ಲಿ ಹೆಟ್‌ಫೀಲ್ಡ್ ಅವರ ವಯಸ್ಸಾದ, ತಗ್ಗಿದ ದನಿ ಬಂದ ಕ್ಷಣ ನನ್ನ ಕಿವಿ ಮಾತಿನ ಕಡೆ ತಿರುಗಿತು. ಚೆಲ್ಲೊಗಳು ನಾಟಕದ ಹಿನ್ನೆಲೆ ಸಂಗೀತದವರಂತೆ ಪರದೆಯ ಪಕ್ಕಕ್ಕೆ ಸರಿದವು. ಆ ದನಿ ಚೆನ್ನಾಗಿದೆ ಎಂಬುದರಲ್ಲಿ ತಕರಾರಿಲ್ಲ. ತಾವು ಹುಡುಗರಾಗಿದ್ದಾಗ ಆರಾಧಿಸಿದ ಗಾಯಕ ತಮ್ಮ ಆಲ್ಬಂಗೆ ಬಂದು ದನಿ ಕೊಟ್ಟರೆ ಬೇಡವೆನ್ನುವುದು ಯಾರಿಗೂ ಆಗುವ ಮಾತಲ್ಲ, ನನಗಂತೂ ಆಗುತ್ತಿರಲಿಲ್ಲ. ನಿಮ್ಮ ಮೈ ಜುಮ್ಮೆಂದದ್ದೂ ಸುಳ್ಳಲ್ಲ. ಆದರೂ 1998ರ ಆವೃತ್ತಿಯನ್ನು ಒಮ್ಮೆ ರಾತ್ರಿ ದೀಪ ಆರಿಸಿ ಕೇಳಿ, ಆಮೇಲೆ ಗೆಳೆಯರೊಂದಿಗೆ ಜಗಳ ಮುಂದುವರಿಸಿ.

ಪ್ರಶ್ನೆ: ‘ಕ್ಟುಲು’ ರಚನೆಯಲ್ಲಿ 1986ರಲ್ಲೇ ತೀರಿಕೊಂಡ ಮೆಟಾಲಿಕಾದ ಬೇಸ್ ವಾದಕ ಕ್ಲಿಫ್ ಬರ್ಟನ್ ಅವರ ಬೇಸ್ ಕೇಳಿಸುತ್ತದೆ. ಸತ್ತವರನ್ನು ಹೀಗೆ ಎಬ್ಬಿಸಿ ನುಡಿಸುವುದು ಸರಿಯೇ? (ಉಡುಪಿ)

ಉತ್ತರ: ಅವರು ನುಡಿಸದೇ ಇದ್ದದ್ದನ್ನು ಯಂತ್ರದಿಂದ ಹುಟ್ಟಿಸಿದ್ದರೆ ನಾನೂ ನಿಮ್ಮಂತೆಯೇ ಹಿಂಜರಿಯುತ್ತಿದ್ದೆ. ಇಲ್ಲಿರುವುದು 1984ರ ‘ರೈಡ್ ದ ಲೈಟ್ನಿಂಗ್’ ಆಲ್ಬಂಗಾಗಿ ಬರ್ಟನ್ ತಮ್ಮ ಕೈಯಾರೆ ನುಡಿಸಿದ ಬೇಸ್. ಅದರ ಸುತ್ತ ಚೆಲ್ಲೊಗಳು ಬಂದು ಕೂತಿವೆ. ಸ್ವೀಡನ್ನಿನ ರಸ್ತೆಯಲ್ಲಿ ತಂಡದ ಬಸ್ಸು ಮಗುಚಿ ಪ್ರಾಣ ಹೋದಾಗ ಅವರಿಗೆ 24 ವರ್ಷ. ಮೂಲದಲ್ಲಿ ಗಿಟಾರುಗಳ ಗದ್ದಲದಡಿ ಹೂತುಹೋಗಿದ್ದ ಅವರ ಬೆರಳಿನ ಓಟ ಇಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ನನಗೆ ಇದೇ ಆಲ್ಬಂನ ಶಿಖರ.

ಪ್ರಶ್ನೆ: ಈ ತಂಡವನ್ನು ಕೆಲವರು ‘ಗಾಥಿಕ್ ಚೆಲ್ಲೊ ರಾಕ್’, ಅಂದರೆ ಕತ್ತಲು-ವಿಷಾದದ ಛಾಯೆಯ ರಾಕ್, ಎನ್ನುತ್ತಾರೆ. ಸರಿಯೇ? (ಕಲಬುರಗಿ)

ಉತ್ತರ: ಕಪ್ಪು ಉಡುಗೆ, ಉದ್ದ ಕೂದಲು, ಮಂದ್ರದ ಗೋಳು ನೋಡಿ ಹಾಗೆ ಕರೆಯುತ್ತಾರೆ. ನನ್ನ ಲೆಕ್ಕದಲ್ಲಿ ಆ ಹೆಸರು ಹೆಚ್ಚು ಸಲ್ಲುವುದು ಅಮೆರಿಕದ ರಾಸ್ಪುಟೀನಾ ತಂಡಕ್ಕೆ. 1990ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಅದನ್ನು ಕಟ್ಟಿದ ಮೆಲೋರಾ ಕ್ರೀಗರ್, 1994ರಲ್ಲಿ ನಿರ್ವಾಣ ತಂಡದ ಕೊನೆಯ ಯುರೋಪ್ ಪ್ರವಾಸದಲ್ಲಿ ಚೆಲ್ಲೊ ನುಡಿಸಿದವರು. ವಿಕ್ಟೋರಿಯಾ ಕಾಲದ ಬಿಗಿ ರವಿಕೆ ತೊಟ್ಟು, ಚರಿತ್ರೆಯ ವಿಚಿತ್ರ ಮೂಲೆಗಳಿಂದ ಕಥೆ ಹೆಕ್ಕಿ ತಾವೇ ಹಾಡುತ್ತಾರೆ. ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ 1815ರಲ್ಲಿ ಸಿಡಿದು, ಮರುವರ್ಷ ಯುರೋಪ್ ಮತ್ತು ಅಮೆರಿಕದಲ್ಲಿ ಬೇಸಿಗೆಯೇ ಬಾರದೆ ಹೋದ ಪ್ರಸಂಗದ ಮೇಲೂ ಅವರ 2007ರ ‘ಓ ಪೆರಿಲಸ್ ವರ್ಲ್ಡ್’ ಆಲ್ಬಂನಲ್ಲಿ ಒಂದು ಹಾಡಿದೆ. ಅಲ್ಲಿ ಮಾತು ಮುಂದೆ, ಚೆಲ್ಲೊ ಅದರ ಜೊತೆಗಾರ.

ಪ್ರಶ್ನೆ: ನಮ್ಮ ತಂದೆಯವರು ನಿವೃತ್ತರು, ಕರ್ನಾಟಕ ಸಂಗೀತದ ಕಟ್ಟಾ ರಸಿಕರು. ಮೆಟಾಲಿಕಾ ಹೆಸರನ್ನೂ ಕೇಳಿದವರಲ್ಲ. ಅವರ ಮುಂದೆ ಈ ಆಲ್ಬಂ ಇಡಬೇಕೆಂದು ಆಸೆ. ಎಲ್ಲಿಂದ ಆರಂಭಿಸಲಿ? (ಮೈಸೂರು)

ಉತ್ತರ: ಈ ಆಲ್ಬಂನ ‘ರೈಡ್ ದ ಲೈಟ್ನಿಂಗ್’ ಹಾಡಿನಿಂದಂತೂ ಬೇಡ. ಮಾತು ಗೊತ್ತಿದ್ದವರಿಗೆ ಮಾತ್ರ ಪೂರ್ತಿ ದಕ್ಕುವ ಹಾಡುಗಳನ್ನು ಅವರಿಗೆ ಮೊದಲೇ ಕೇಳಿಸಿದರೆ ಅನ್ಯಾಯವಾಗುತ್ತದೆ. ಮೂಲದಲ್ಲೇ ಹಾಡಿಕೆಯಿಲ್ಲದ, ಬರ್ಟನ್ ನೆನಪಿಗಾಗಿ 1988ರಲ್ಲಿ ಮೆಟಾಲಿಕಾ ಕಟ್ಟಿದ ‘ಟು ಲಿವ್ ಈಸ್ ಟು ಡೈ’ಯಿಂದ ತೊಡಗಿ. ಸಂಜೆ ಕಾಫಿಯಾದ ಮೇಲೆ, ಫೋನಿನ ಸ್ಪೀಕರಿನಲ್ಲಲ್ಲ, ಮಂದ್ರ ಸರಿಯಾಗಿ ಕೇಳುವ ಪೆಟ್ಟಿಗೆಯಲ್ಲಿ ಹಾಕಿ. ಯಾರು, ಏನು, ಯಾವ ದೇಶ ಎಂದು ಮೊದಲೇ ಹೇಳಬೇಡಿ. ಅಬ್ಬರದ ಭಾಗದಲ್ಲಿ ಅವರು ಹುಬ್ಬು ಗಂಟಿಕ್ಕಿಯೇ ಇಕ್ಕುತ್ತಾರೆ, ನಿಲ್ಲಿಸಬೇಡಿ. ಗದ್ದಲ ತಗ್ಗಿ ಒಂದೆರಡು ಚೆಲ್ಲೊಗಳು ಮಾತ್ರ ಉಳಿಯುವ ಭಾಗ ಬರುತ್ತದೆ. ಅಲ್ಲಿ ಅವರ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿದೆಯೇ ಎಂದು ನೋಡಿ ನಮಗೆ ಬರೆಯಿರಿ.