ಬಾಯಲ್ಲಿ ಮೀಸೆ ಬೆಳೆದರೆ?

ಪ್ರಶ್ನೆ: ನಮ್ಮ ಅಪ್ಪಯ್ಯನಿಗೆ 61 ವರ್ಷ. ನಲವತ್ತು ವರ್ಷ ಎಲೆಯಡಿಕೆಯ ಕವಳ ಹಾಕಿದವರು. ಎಡಗೆನ್ನೆಯ ಒಳಗೆ ಕ್ಯಾನ್ಸರ್ ಹುಣ್ಣಾಗಿದೆ. ಅದನ್ನು ತೆಗೆದು, ಮೂಗಿನ ಪಕ್ಕದ ಚರ್ಮವನ್ನು ಬಾಯೊಳಕ್ಕೆ ತಿರುಗಿಸಿ ಹೊಲಿಯುತ್ತಾರಂತೆ. ‘ಬಾಯಲ್ಲಿ ಮೀಸೆ ಬೆಳೆದರೆ ಉಣ್ಣುವುದು ಹೇಗೆ? ಆಪರೇಷನ್ನೇ ಬೇಡ’ ಎಂದು ಹಟ ಹಿಡಿದಿದ್ದಾರೆ. ಏನು ಹೇಳಲಿ?
– ಓದುಗಿ, ಸಾಗರ ತಾಲ್ಲೂಕು

ಉತ್ತರ: ಅವರ ಭಯ ಸುಳ್ಳಲ್ಲ. ಗಂಡಸರಲ್ಲಿ ಆ ಚರ್ಮದ ಮೇಲೆ ಒಂದಿಷ್ಟು ಕೂದಲು ಬರಬಹುದು. ನನ್ನ ರೋಗಿಯೊಬ್ಬರು, ಲಾರಿ ಚಾಲಕರು, ತಪಾಸಣೆಗೆ ಬಂದಾಗಲೆಲ್ಲ ಆರೇಳು ಕೂದಲು ಕತ್ತರಿಸಿಕೊಂಡು ಹೋಗುತ್ತಿದ್ದರು. ವಿಕಿರಣ ಚಿಕಿತ್ಸೆ ಶುರುವಾದ ಮೇಲೆ ಅವೂ ಉದುರಿದವು. ಈ ಕೂದಲಿಗೆ ಹೆದರಿ ಹುಣ್ಣನ್ನು ಉಳಿಸಿಕೊಳ್ಳಬೇಡಿ ಎಂದು ನನ್ನ ಪರವಾಗಿಯೂ ಕೇಳಿಕೊಳ್ಳಿ.

ಆ ಚರ್ಮವನ್ನು ಪೂರ್ತಿ ಕತ್ತರಿಸಿ ತೆಗೆಯುವುದಿಲ್ಲ. ಬುಡದಲ್ಲಿ ರಕ್ತನಾಳಗಳ ಸಂಪರ್ಕ ಉಳಿಸಿಕೊಂಡೇ ಒಳಕ್ಕೆ ತಿರುಗಿಸುತ್ತೇವೆ. ಅದಕ್ಕೇ ಅದು ಬದುಕುತ್ತದೆ. ವಯಸ್ಸಾದವರ ಕೆನ್ನೆಯ ಹೊರಚರ್ಮ ಸಡಿಲವಾಗಿರುವುದರಿಂದ ಹೊರಗಿನ ಗಾಯ ಸುಲಭವಾಗಿ ಕೂಡುತ್ತದೆ. ಹೊಲಿಗೆಯ ಗುರುತು ಮೂಗಿನಿಂದ ತುಟಿಯಂಚಿಗೆ ಇಳಿಯುವ ಗೆರೆಯಲ್ಲೇ ಅಡಗುತ್ತದೆ.

ಗಾಯ ಚಿಕ್ಕದಾದರೆ ಕೆನ್ನೆಯೊಳಗಿನ ಕೊಬ್ಬನ್ನೇ ಎಳೆದು ಹೊದಿಸುವುದುಂಟು. ಹಳದಿ ಕೊಬ್ಬು ಕೆಲವು ದಿನಗಳಲ್ಲಿ ಕೆಂಪಾಗಿ, ಮೂರ್ನಾಲ್ಕು ವಾರಗಳಲ್ಲಿ ಅದರ ಮೇಲೆ ಬಾಯಿಯ ಪೊರೆಯೇ ಹಬ್ಬುವುದನ್ನು ನೋಡುವಾಗ ಇಂದಿಗೂ ನನಗೆ ಬೆರಗು. ದೊಡ್ಡ ಗಾಯಕ್ಕೆ ಎದೆಯ ಸ್ನಾಯುವನ್ನೋ ಮುಂಗೈಯ ಚರ್ಮವನ್ನೋ ತರಬೇಕಾಗುತ್ತದೆ. ಮೂಗಿನ ಪಕ್ಕದ ಚರ್ಮವೇ ಸಾಕೆಂದಿದ್ದಾರೆಂದರೆ ಗಾಯ ತೀರಾ ದೊಡ್ಡದಾಗದು ಎಂದು ವೈದ್ಯರು ಅಂದಾಜು ಮಾಡಿರಬೇಕು.

ಈ ಆಪರೇಷನ್ ಒಂದೇ ಹಂತದ್ದೋ ಎರಡು ಹಂತದ್ದೋ ಎಂದು ಅವರನ್ನು ಕೇಳಿ. ಎರಡಾದರೆ ಸುಮಾರು ಮೂರು ವಾರದ ನಂತರ ಬುಡವನ್ನು ಬಿಡಿಸುತ್ತಾರೆ. ಅಲ್ಲಿಯವರೆಗೆ ಅದನ್ನು ಹಲ್ಲಿನಿಂದ ಕಚ್ಚಿಕೊಳ್ಳದಂತೆ ನೋಡಿಕೊಳ್ಳಬೇಕು.

ನನ್ನ ನಿಜವಾದ ಆತಂಕ ಬೇರೆ. ಕವಳ ಹಾಕಿದವರ ಕೆನ್ನೆಯ ಒಳಭಾಗ ಅನೇಕ ವೇಳೆ ಮೊದಲೇ ಬಿಗಿದಿರುತ್ತದೆ. ಆಪರೇಷನ್, ವಿಕಿರಣ ಎರಡೂ ಅದನ್ನು ಇನ್ನಷ್ಟು ಬಿಗಿಗೊಳಿಸುತ್ತವೆ. ಹೊಸ ಚರ್ಮ ಚೆನ್ನಾಗಿ ಕೂಡಿಕೊಂಡರೂ ಬಾಯಿ ತೆರೆಯದಿದ್ದರೆ ತುತ್ತು ಒಳಗೆ ಹೋಗದು. ಈಗಲೇ ಬಾಯಿ ಪೂರ್ತಿ ತೆರೆಸಿ, ಮೇಲಿನ, ಕೆಳಗಿನ ಬಾಚಿಹಲ್ಲುಗಳ ನಡುವಿನ ಅಂತರ ಅಳೆದು ಬರೆದಿಡಿ. 35 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ಗಾಯ ಮಾಗಿ ಅವರು ಅನುಮತಿ ಕೊಟ್ಟ ದಿನದಿಂದ ಐಸ್‌ಕ್ರೀಮ್ ಕಡ್ಡಿಗಳನ್ನು ಒಟ್ಟು ಸೇರಿಸಿ ಹಲ್ಲುಗಳ ನಡುವೆ ಇಡಿಸಿ, ಅವರು ಹೇಳಿದಂತೆ ಒಂದೊಂದೇ ಹೆಚ್ಚಿಸುತ್ತ ಹೋಗಿ. ನೋಯುತ್ತದೆ, ಬೇಡವೆನ್ನುತ್ತಾರೆ, ಬಿಡಬೇಡಿ. ಕವಳದ ಸಂಚಿಯನ್ನು ಮಾತ್ರ ಇವತ್ತೇ ಮನೆಯಿಂದ ಹೊರಗೆ ಹಾಕಿ.