ಪ್ರತಿಕ್ರಿಯೆ: ಕ್ರಿಸ್‌ಮಸ್ ನಕ್ಷತ್ರ ಸ್ಕೆಚ್‌ಬುಕ್‌ನಲ್ಲಿ ಮಂಕಾಗುತ್ತಿದ್ದರೆ

ಬಳ್ಳಾರಿಯ ಕೌಲ್‌ಬಜಾರ್ ಕಡೆಯ ಚರ್ಚ್ ಮುಂದೆ ಕೂತು ಬಿಡಿಸಿದ ನಕ್ಷತ್ರ ದೀಪಗಳು ಬೆಳಗುತ್ತಿಲ್ಲ, ಗೆರೆಯೂ ಕದಡುತ್ತಿದೆ ಎಂದಿದ್ದೀರಿ. ಮಂಕಿಗೆ ಕಾರಣ ಬಹುಶಃ ಬಣ್ಣ ಹಾಕುವ ಕ್ರಮ: ಮೊದಲು ಕಪ್ಪು ಆಕಾಶ ತುಂಬಿ, ಆಮೇಲೆ ಹಳದಿ ಇಡುತ್ತಿದ್ದೀರಿ. ಜಲವರ್ಣ ಪಾರದರ್ಶಕ, ಕಡುಬಣ್ಣದ ಮೇಲೆ ಹಳದಿ ಏಳುವುದೇ ಇಲ್ಲ.

ಉಲ್ಟಾ ಮಾಡಿ. ಪೆನ್ಸಿಲ್‌ನಲ್ಲಿ ನಕ್ಷತ್ರ, ಸೀರಿಯಲ್ ಸೆಟ್ಟಿನ ಸಾಲು ಗುರುತಿಸಿ, ದೀಪದ ನಡುಭಾಗವನ್ನು ಬಿಳಿ ಕಾಗದವಾಗಿಯೇ ಬಿಡಿ. ಸುತ್ತ ತೆಳು ಹಳದಿ, ಅದರಾಚೆ ಸ್ವಲ್ಪ ಕಿತ್ತಳೆ. ಪೂರ್ತಿ ಒಣಗಿದ ಮೇಲಷ್ಟೇ ಆಕಾಶ. ಅವಸರಪಟ್ಟರೆ ಹಳದಿಗೆ ನೀಲಿ ಹರಿದು ಹಸಿರಾಗುತ್ತದೆ, ಅದಂತೂ ನೋಡಲಾಗದು. ಆಕಾಶಕ್ಕೆ ಬರೀ ಕಪ್ಪು ಬೇಡ, ಗಾಢ ನೀಲಿಗೆ ಕಂದು ಬೆರೆಸಿ. ಬಿಳಿ ಬಿಡಲು ಮರೆತ ಸಣ್ಣ ಬಲ್ಬುಗಳಿಗೆ ಕೊನೆಗೆ ಬಿಳಿ ಜೆಲ್ ಪೆನ್ ಚುಕ್ಕೆ ಸಾಕು.

ಗೆರೆ ಕದಡುವುದು ಇಂಕಿನಿಂದಲೋ, ಕಾಗದ ಇನ್ನೂ ಹಸಿಯಿದ್ದುದರಿಂದಲೋ ಪುಟ ನೋಡದೆ ಖಚಿತವಾಗಿ ಹೇಳಲಾರೆ. ಕೊನೆಯ ಪುಟದಲ್ಲಿ ಒಂದು ಗೆರೆ ಎಳೆದು, ಹತ್ತು ನಿಮಿಷ ಬಿಟ್ಟು ಒದ್ದೆ ಬ್ರಷ್ ಆಡಿಸಿ. ಹರಡಿದರೆ ಇಂಕು ವಾಟರ್‌ಪ್ರೂಫ್ ಅಲ್ಲ, ಪೆನ್ ಬದಲಿಸಿ. ಪುಟ ಹಪ್ಪಳದಂತೆ ಸೊಟ್ಟಗಾಗುತ್ತಿದ್ದರೆ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಗದದ ಪುಸ್ತಕ ತಗೊಳ್ಳಿ.

ಇನ್ನು, ರಾತ್ರಿ ಎಂಟಕ್ಕೆ ಕೂರಬೇಡಿ. ಡಿಸೆಂಬರಿನಲ್ಲಿ ಬಳ್ಳಾರಿಯಲ್ಲಿ ಆರರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಮುಂದಿನ ಇಪ್ಪತ್ತು ನಿಮಿಷ ದೀಪವೂ ಕಾಣುತ್ತದೆ, ಕೋಟೆ ಗುಡ್ಡದ ಅಂಚೂ ಕಾಣುತ್ತದೆ, ನಿಮ್ಮ ಬಣ್ಣದ ಡಬ್ಬಿಯೂ ಕಾಣುತ್ತದೆ. ಗೋದಲಿ ಬಿಡಿಸಲು 25ರ ಗದ್ದಲದಲ್ಲಿ ನುಗ್ಗಬೇಕಿಲ್ಲ, ಸಾಮಾನ್ಯವಾಗಿ ಜನವರಿ 6ರವರೆಗೂ ಇಟ್ಟಿರುತ್ತಾರೆ.